ನಿಶಿಕಿ ಮಾರುಕಟ್ಟೆಯಲ್ಲಿ ಏನು ತಿನ್ನಬೇಕು, ಎಲ್ಲಿ ನಿಂತು ತಿನ್ನಬೇಕು

ಜಪಾನಿಗೆ ಟಿಕೆಟ್ ಮಾಡಿಸಿದವರು ಕ್ಯೋಟೊದ ನಿಶಿಕಿ ಮಾರುಕಟ್ಟೆಯ ವಿಡಿಯೊಗಳನ್ನು ನೋಡಿಯೇ ನೋಡಿರುತ್ತಾರೆ. ಆಮೇಲೆ ಕೇಳುವುದು ಮೂರೇ ಪ್ರಶ್ನೆ. ಸಸ್ಯಾಹಾರಿಗಳಿಗೆ ಅಲ್ಲಿ ಏನಾದರೂ ಸಿಗುತ್ತದೆಯೇ? ಎಷ್ಟು ದುಡ್ಡು ಇಟ್ಟುಕೊಂಡು ಹೋಗಬೇಕು? ತಿನ್ನುತ್ತ ಅಡ್ಡಾಡಬಹುದೇ?

ಚಿಕ್ಕ ಉತ್ತರ ಇಷ್ಟು. ಸಿಗುತ್ತದೆ, ಆದರೆ ತರಕಾರಿಯಂತೆ ಕಂಡದ್ದೆಲ್ಲ ತರಕಾರಿಯಲ್ಲ. ರುಚಿ ನೋಡುವುದಕ್ಕಷ್ಟೇ ಆದರೆ ಒಬ್ಬರಿಗೆ ಎರಡರಿಂದ ಮೂರು ಸಾವಿರ ಯೆನ್ ಸಾಕು. ಅಡ್ಡಾಡುತ್ತ ತಿನ್ನುವ ಹಾಗಿಲ್ಲ.

ಈಗ ವಿವರಕ್ಕೆ ಬರೋಣ. ಕ್ಯೋಟೊ ನಗರದ ನಡುವೆ ಶಿಜೋ ಎಂಬ ದೊಡ್ಡ ರಸ್ತೆ ಇದೆ. ಅದರ ಉತ್ತರಕ್ಕೆ, ಒಂದು ಬೀದಿ ಆಚೆ ಇರುವ ಓಣಿಯೇ ನಿಶಿಕಿ. ಉದ್ದ ಸುಮಾರು 390 ಮೀಟರ್, ಅಗಲ ಕೆಲವು ಕಡೆ ಮೂರು ಮೀಟರಿಗಿಂತ ತುಸು ಹೆಚ್ಚು ಅಷ್ಟೆ. ತಲೆಯ ಮೇಲೆ ಕೆಂಪು, ಹಳದಿ, ಹಸಿರು ಬಣ್ಣದ ಚಾವಣಿ, ಎರಡೂ ಬದಿಗೆ ಸುಮಾರು 130 ಅಂಗಡಿ. ಐಸ್ ಇಲ್ಲದ ಕಾಲದಲ್ಲಿ ಇಲ್ಲಿನ ನೆಲದಡಿಯ ತಣ್ಣೀರೇ ಮೀನು ಕೆಡದಂತೆ ಕಾಯುತ್ತಿತ್ತು. ಮೀನು ವ್ಯಾಪಾರ ಇಲ್ಲಿ ಬೇರೂರಿದ್ದು ಆ ನೀರಿನಿಂದಲೇ. 1615ರಲ್ಲಿ ತೊಕುಗಾವಾ ಆಡಳಿತ ಅದಕ್ಕೆ ಅಧಿಕೃತ ಪರವಾನಗಿ ಕೊಟ್ಟಿತು. ಊರಿನವರು ಇದನ್ನು ಇವತ್ತಿಗೂ ಕ್ಯೋಟೊದ ಅಡುಗೆಮನೆ ಎನ್ನುತ್ತಾರೆ.

ಇಷ್ಟು ಹಿನ್ನೆಲೆ ಹೇಳುವುದಕ್ಕೆ ಕಾರಣವಿದೆ. ನಿಶಿಕಿ ಮೂಲತಃ ಅಡುಗೆಯವರು ಸಾಮಾನು ಕೊಳ್ಳುವ ಜಾಗ. ಕಡ್ಡಿಗೆ ಚುಚ್ಚಿದ ತಿಂಡಿಗಳು ಪ್ರವಾಸಿಗರ ದಟ್ಟಣೆ ಏರಿದ ಮೇಲೆ ಹೆಚ್ಚಿದಂಥವು. ತಿಂಡಿಬೀದಿ ಎಂದುಕೊಂಡು ಒಳಗೆ ಕಾಲಿಟ್ಟರೆ ಮೊದಲ ಐವತ್ತು ಮೀಟರಿನಲ್ಲೇ ಹೊಟ್ಟೆ ತುಂಬಿ, ದುಡ್ಡು ಕರಗಿ, ನಿಜವಾದ ನಿಶಿಕಿ ಕಣ್ಣಿಗೆ ಬೀಳುವುದೇ ಇಲ್ಲ.

1. ದಿನ, ಹೊತ್ತು ಮತ್ತು ದಾರಿ

ಹೆಚ್ಚಿನ ಅಂಗಡಿಗಳು ಬೆಳಿಗ್ಗೆ ಒಂಬತ್ತು–ಹತ್ತರ ನಡುವೆ ತೆರೆದು ಸಂಜೆ ಐದು–ಆರಕ್ಕೆ ಮುಚ್ಚುತ್ತವೆ. ರಾತ್ರಿ ಊಟಕ್ಕೆ ಹೋಗೋಣ ಎಂದುಕೊಂಡರೆ ಸಿಗುವುದು ಶಟರುಗಳ ಮೇಲಿನ ಚಿತ್ರಗಳು ಮಾತ್ರ. ಅವೂ ನೋಡುವಂಥವೇ. ಇದೇ ಓಣಿಯ ತರಕಾರಿ ಸಗಟು ವ್ಯಾಪಾರಿಯ ಮನೆಯಲ್ಲಿ 1716ರಲ್ಲಿ ಹುಟ್ಟಿದ ಇತೊ ಜಾಕುಚು ಎಂಬ ದೊಡ್ಡ ಕಲಾವಿದನ ಹುಂಜ, ಮೀನು, ತರಕಾರಿಗಳು ಅಲ್ಲಿವೆ.

ಹತ್ತು ಗಂಟೆಯ ಸುಮಾರಿಗೆ ಓಣಿಯಲ್ಲಿದ್ದರೆ ಒಳ್ಳೆಯದು. ಹನ್ನೊಂದರಿಂದ ಮೂರರವರೆಗೆ ಭುಜಕ್ಕೆ ಭುಜ ತಾಗುವಷ್ಟು ಜನ. ಬುಧವಾರ ಮತ್ತು ಭಾನುವಾರ ರಜೆ ಮಾಡುವ ಅಂಗಡಿಗಳಿವೆ, ಆ ಎರಡು ದಿನ ತಪ್ಪಿಸಿ. ಡಿಸೆಂಬರ್ ಕೊನೆಯ ವಾರ ಊರಿನವರೆಲ್ಲ ಹೊಸ ವರ್ಷದ ಅಡುಗೆಗೆ ಸಾಮಾನು ಕೊಳ್ಳಲು ಬರುತ್ತಾರೆ. ನೋಡಲು ಚೆಂದ, ನಿಂತು ತಿನ್ನಲು ಜಾಗವಿರುವುದಿಲ್ಲ.

ಕ್ಯೋಟೊ ರೈಲು ನಿಲ್ದಾಣದಿಂದ ಕರಸುಮಾ ಸುರಂಗ ರೈಲು ಹಿಡಿದರೆ ಎರಡನೆಯ ನಿಲ್ದಾಣವೇ ಶಿಜೋ. ಇಳಿದು ದೈಮಾರು ಎಂಬ ದೊಡ್ಡ ಮಳಿಗೆಯ ಗುರುತು ಹಿಡಿದು ನಡೆದರೆ ಅದರ ಹಿಂಬದಿಯಲ್ಲೇ ಮಾರುಕಟ್ಟೆಯ ಪಶ್ಚಿಮದ ಬಾಯಿ ಸಿಗುತ್ತದೆ. ಚಕ್ರದ ಸೂಟ್‌ಕೇಸ್ ಎಳೆದುಕೊಂಡು ದಯವಿಟ್ಟು ಬರಬೇಡಿ. ನಿಲ್ದಾಣಗಳಲ್ಲಿ ನಾಣ್ಯ ಹಾಕಿ ಬೀಗ ಹಾಕುವ ಲಾಕರುಗಳಿವೆ, ಅಲ್ಲಿಟ್ಟು ಬನ್ನಿ.

2. ಜೇಬಿನಲ್ಲಿ ಏನಿರಬೇಕು

ನಗದು. ಕಾರ್ಡ್ ತೆಗೆದುಕೊಳ್ಳುವ ಅಂಗಡಿಗಳು ಹೆಚ್ಚಾಗಿವೆ ನಿಜ, ಆದರೆ ಮುನ್ನೂರು ಯೆನ್ನಿನ ತಿಂಡಿಗೆ ನಗದೇ ಸಲೀಸು. ಸಾವಿರ ಯೆನ್ನಿನ ನೋಟುಗಳು, ನೂರು ಮತ್ತು ಐನೂರರ ನಾಣ್ಯಗಳು ಇರಲಿ. ಬೆಳಿಗ್ಗೆಯೇ ಹತ್ತು ಸಾವಿರದ ನೋಟು ಚಾಚಿದರೆ ಚಿಲ್ಲರೆಗೆ ಪರದಾಟ. ಸೆವೆನ್ ಇಲೆವೆನ್ ಅಂಗಡಿಗಳ ಎಟಿಎಂಗಳಲ್ಲಿ ವಿದೇಶದ ಕಾರ್ಡುಗಳು ಸಾಮಾನ್ಯವಾಗಿ ನಡೆಯುತ್ತವೆ. ಹೊರಡುವ ಮುನ್ನ ನಿಮ್ಮ ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಚಾಲೂ ಮಾಡಿಕೊಳ್ಳಿ.

ಚಿಕ್ಕ ಕಡ್ಡಿತಿಂಡಿ, ಸಿಹಿ ಉಂಡೆಗಳು ಇನ್ನೂರು ಮುನ್ನೂರು ಯೆನ್ನಿನಿಂದ ಶುರುವಾಗುತ್ತವೆ. ಏಡಿ, ವಾಗ್ಯೂ ಗೋಮಾಂಸ, ಕಡಲ ಮುಳ್ಳುಚೆಂಡಿನ ಕಡ್ಡಿಗಳು ಸಾವಿರ ದಾಟಿ ಎಲ್ಲಿಗೋ ಹೋಗುತ್ತವೆ. ಚೀಟಿಯಲ್ಲಿ ಎರಡು ಬೆಲೆ ಕಂಡರೆ ಹೆಚ್ಚಿನ ಬೆಲೆಯೇ ತೆರಿಗೆ ಸೇರಿದ್ದು. 2019ರ ಅಕ್ಟೋಬರ್‌ನಿಂದ ಅಲ್ಲಿ ಕಟ್ಟಿಸಿಕೊಂಡು ಹೋಗುವ ತಿಂಡಿಗೆ 8%, ಅಂಗಡಿಯೊಳಗೆ ಕೂತು ತಿಂದರೆ 10% ತೆರಿಗೆಯ ಪದ್ಧತಿ ಬಂದಿದೆ. ಹಾಗಾಗಿ 'ಇಲ್ಲೇ ತಿನ್ನುತ್ತೀರಾ' ಎಂದು ಕೇಳಿದರೆ ಗಾಬರಿ ಬೇಡ, ಅದು ಲೆಕ್ಕದ ಪ್ರಶ್ನೆ.

ಜೊತೆಗೆ ಒಂದು ಒದ್ದೆ ಟಿಶ್ಯೂ ಪೊಟ್ಟಣ ಮತ್ತು ಒಂದು ಪ್ಲಾಸ್ಟಿಕ್ ಚೀಲ. ಚೀಲ ಯಾಕೆ ಎನ್ನುವುದು ಆರನೆಯ ಹಂತದಲ್ಲಿದೆ.

3. ದಾಶಿ: ಸಸ್ಯಾಹಾರಿಗಳು ಇದನ್ನು ಬಿಟ್ಟು ಮುಂದೆ ಹೋಗಬೇಡಿ

ದಾಶಿ ಎಂದರೆ ಜಪಾನಿ ಅಡುಗೆಯ ಬುನಾದಿಯಾದ ತಿಳಿಸಾರು. ಸಾಮಾನ್ಯವಾಗಿ ಎರಡು ವಸ್ತುಗಳಿಂದ ಮಾಡುತ್ತಾರೆ. ಒಂದು ಕೊಂಬು, ಅಂದರೆ ಒಣಗಿಸಿದ ದಪ್ಪ ಕಡಲಪಾಚಿ. ಇನ್ನೊಂದು ಕತ್ಸುಓಬುಶಿ, ಅಂದರೆ ಬೇಯಿಸಿ, ಹೊಗೆ ಕೊಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ತೆಳ್ಳಗೆ ಹೆರೆದ ಬೊನಿಟೊ ಮೀನು. ಸಾರಿನಲ್ಲಿ ಮೀನಿನ ತುಂಡೂ ಕಾಣದು, ನಮಗೆ ಗೊತ್ತಿರುವ ಮೀನಿನ ವಾಸನೆಯೂ ಬಾರದು.

ತೊಡಕು ಇಲ್ಲೇ. 'ಇದರಲ್ಲಿ ಮೀನಿದೆಯೇ' ಎಂದು ಕೇಳಿದರೆ ಅಂಗಡಿಯವರು ಪ್ರಾಮಾಣಿಕವಾಗಿಯೇ ಇಲ್ಲ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ದಾಶಿ ಮೀನಲ್ಲ. ನಿಮ್ಮ ಪ್ರಶ್ನೆ 'ದಾಶಿ ಇದೆಯೇ' ಎಂದಿರಬೇಕು. 'ಮಾಂಸ ತಿನ್ನುವುದಿಲ್ಲ' ಎಂದಾಗಲೂ ಇದೇ ಕಥೆ. ಕೋಳಿ, ಹ್ಯಾಮ್ ಅದರಲ್ಲಿ ಸೇರಿಲ್ಲವೆಂದು ಭಾವಿಸುವವರಿದ್ದಾರೆ. ಒಂದೊಂದನ್ನೂ ಹೆಸರು ಹಿಡಿದು ಹೇಳಬೇಕು.

ಕಣ್ಣು ಮೋಸ ಹೋಗುವ ತಿಂಡಿಗಳು ಇವು:

ದಾಶಿಮಾಕಿ ತಮಾಗೊ. ಮೊಟ್ಟೆಯನ್ನು ದಾಶಿಯಲ್ಲಿ ಕಲಸಿ ಪದರ ಪದರವಾಗಿ ಸುತ್ತಿ ಬೇಯಿಸಿದ್ದು. ಬರೀ ಮೊಟ್ಟೆ ಎಂದುಕೊಂಡು ತಿನ್ನುವವರು ತುಂಬ ಜನ.

ಕರಿದ 'ತೆಂಪುರಾ'. ಕ್ಯೋಟೊ ಕಡೆ ಇದೇ ಹೆಸರಿನಲ್ಲಿ ಅರೆದ ಮೀನಿನ ಹಿಟ್ಟನ್ನು ತಟ್ಟಿ ಕರಿದದ್ದನ್ನೂ ಮಾರುತ್ತಾರೆ. ಕ್ಯಾರೆಟ್, ಗೋಬೊ ಬೇರಿನ ಚೂರುಗಳು ಹೊರಗೆ ಇಣುಕುತ್ತಿರುತ್ತವೆ, ಆದರೆ ಒಳಗಿರುವುದು ಮೀನೇ.

ಚಿರಿಮೆನ್ ಸಂಶೊ. ಕ್ಯೋಟೊದ ಹೆಸರಾಂತ ನಂಚಿಕೆ. ಸಂಶೊ ಎಂಬ ಜಪಾನಿ ಮೆಣಸಿನ ಹಸಿರು ಕಾಳುಗಳ ನಡುವೆ ಬಿಳಿ ಎಳೆಗಳು. ಆ ಎಳೆಗಳು ಮರಿಮೀನುಗಳು. ರುಚಿ ನೋಡಲು ಚಮಚದ ತುದಿಯಲ್ಲಿ ಕೊಟ್ಟಾಗ ಗೊತ್ತೇ ಆಗುವುದಿಲ್ಲ.

ಬೇಯಿಸಿದ ಕುಂಬಳ, ಬಿದಿರು ಕಳಲೆ, ಸೊಪ್ಪಿನ ಪಲ್ಯಗಳು ಹೆಚ್ಚಾಗಿ ದಾಶಿಯಲ್ಲೇ ಬೆಂದಿರುತ್ತವೆ. ಅಕ್ಕಿ ಹಪ್ಪಳದಂಥ ಸೆಂಬೆಯಲ್ಲಿ ಸೀಗಡಿಯದ್ದೂ ಇದೆ.

ಹಾಗಾದರೆ ಧೈರ್ಯವಾಗಿ ತಿನ್ನುವುದು ಯಾವುದು? ಹುರಿದ ಚೆಸ್ಟ್‌ನಟ್. ಕಿನಾಕೊ, ಅಂದರೆ ಹುರಿದ ಸೋಯಾ ಹಿಟ್ಟು, ಉದುರಿಸಿದ ವರಾಬಿ ಮೋಚಿ ಎಂಬ ಮೆತ್ತನೆಯ ಸಿಹಿ. ಅಜುಕಿ ಎಂಬ ಕೆಂಪು ಕಾಳಿನ ಸಿಹಿ ಹೂರಣದ ಮೋಚಿಗಳು, ಅಂದರೆ ಅಂಟಕ್ಕಿಯ ಉಂಡೆಗಳು. ಬೇಯಿಸಿದ ಕಪ್ಪು ಸೋಯಾ ಕಾಳು. ಮಚ್ಚಾ ಐಸ್‌ಕ್ರೀಮ್. ಯೂಬಾ ಸಿಕ್ಕರೆ ಬಿಡಬೇಡಿ. ಸೋಯಾ ಹಾಲು ಕಾಸುವಾಗ ಮೇಲೆ ಕಟ್ಟುವ ಕೆನೆಯನ್ನು ಎತ್ತಿ ಮಾಡಿದ್ದದು. ಮೇಲೆ ಹಾಕುವ ರಸವನ್ನು ಮಾತ್ರ ಕೇಳಿ ಹಾಕಿಸಿಕೊಳ್ಳಿ. ಎಲ್ಲಕ್ಕಿಂತ ನನ್ನ ಮೆಚ್ಚಿನದು ಫು ಮಂಜೂ. ಗೋಧಿಯ ಅಂಟಿನಿಂದ ಮಾಡಿದ ಮೆತ್ತನೆಯ ಹೊದಿಕೆ, ಒಳಗೆ ನುಣ್ಣನೆಯ ಸಿಹಿ ಹೂರಣ, ಸುತ್ತ ಬಿದಿರೆಲೆ. ತಣ್ಣಗಿರುವಾಗಲೇ ತಿನ್ನಬೇಕು.

ಸೋಯಾ ಹಾಲಿನ ಪುಟ್ಟ ಡೋನಟ್‌ಗಳು ಪಶ್ಚಿಮ ತುದಿಯ ಹತ್ತಿರ ಬಿಸಿಬಿಸಿ ಸಿಗುತ್ತವೆ. ಮೊಟ್ಟೆಯನ್ನೂ ಮುಟ್ಟದವರು ಹಿಟ್ಟಿನ ಬಗ್ಗೆ ಕೇಳಿಕೊಂಡು ಕೊಳ್ಳಿ. ಒಂದೇ ಒಲೆ, ಒಂದೇ ಎಣ್ಣೆ ಎನ್ನುವ ವಿಷಯದಲ್ಲಿ ಕಟ್ಟುನಿಟ್ಟಿನವರು ಸುಟ್ಟದ್ದು, ಕರಿದದ್ದು ಎರಡನ್ನೂ ಬಿಟ್ಟು ಸಿಹಿಯಂಗಡಿಗಳಿಗೆ ಅಂಟಿಕೊಳ್ಳುವುದೇ ನೆಮ್ಮದಿ.

ಬಾಯಿಪಾಠ ಮಾಡಿಕೊಳ್ಳಬೇಕಾದ ನಾಲ್ಕು ವಾಕ್ಯ:

'ಸುಮಿಮಾಸೆನ್' — ಸ್ವಲ್ಪ ಕೇಳಿ ಸ್ವಾಮಿ, ಕ್ಷಮಿಸಿ, ದಾರಿ ಬಿಡಿ, ಎಲ್ಲಕ್ಕೂ.
'ದಾಶಿ ವಾ ಹಾಯ್ತ್ತೆ ಇಮಾಸು ಕಾ' — ಇದರಲ್ಲಿ ದಾಶಿ ಇದೆಯೇ?
'ನಿಕು ತೊ ಸಕಾನಾ ವಾ ತಾಬೆಮಾಸೆನ್' — ಮಾಂಸ, ಮೀನು ತಿನ್ನುವುದಿಲ್ಲ.
'ಕೊರೆ, ಹಿತೊತ್ಸು ಕುದಸಾಯ್' — ಇದು ಒಂದು ಕೊಡಿ.

ಗೋಮಾಂಸ 'ಗ್ಯೂ', ಹಂದಿ 'ಬುತಾ', ಕೋಳಿ 'ತೊರಿ', ಸೀಗಡಿ 'ಎಬಿ'. ಉಚ್ಚಾರದ ಮೇಲೆ ನಂಬಿಕೆ ಇಲ್ಲದಿದ್ದರೆ, ನೀವು ಏನೇನು ತಿನ್ನುವುದಿಲ್ಲ ಎಂಬುದನ್ನು ಹೋಟೆಲಿನ ಸ್ವಾಗತ ಕೌಂಟರಿನವರ ಕೈಯಲ್ಲಿ ಜಪಾನಿಯಲ್ಲಿ ಒಂದು ಚೀಟಿಗೆ ಬರೆಸಿಕೊಳ್ಳಿ. ದಾಶಿಯ ಹೆಸರೂ ಅದರಲ್ಲಿರಲಿ. ಫೋನಿನ ಅನುವಾದಕ್ಕಿಂತ ಆ ಚೀಟಿ ಬೇಗ ಕೆಲಸ ಮಾಡುತ್ತದೆ. ಅಲರ್ಜಿ ಇದ್ದವರಿಗೆ ಇದು ಕಡ್ಡಾಯ, ಬಿಡಿಯಾಗಿ ಮಾರುವ ತಿಂಡಿಯ ಮೇಲೆ ಪೊಟ್ಟಣದ ಮೇಲಿರುವಂಥ ವಿವರ ಇರುವುದಿಲ್ಲ.

4. ಮೊದಲು ಬರೀ ನೋಡಿ

ಪಶ್ಚಿಮದಿಂದ ಪೂರ್ವಕ್ಕೆ ಒಮ್ಮೆ ಏನೂ ಕೊಳ್ಳದೆ ನಡೆಯಿರಿ. ನಿಧಾನವಾಗಿ ಹೋದರೂ ಹದಿನೈದು–ಇಪ್ಪತ್ತು ನಿಮಿಷದ ಕೆಲಸ. ಊರಿನ ಹೆಂಗಸರು ಬುಟ್ಟಿ ಹಿಡಿದು ಎಲ್ಲಿ ನಿಂತಿದ್ದಾರೆ, ಯಾವ ಅಂಗಡಿಯಲ್ಲಿ ಒಂದೇ ಪದಾರ್ಥವನ್ನು ಮಾತ್ರ ಮಾರುತ್ತಾರೆ ಎಂಬುದನ್ನು ಗಮನಿಸಿ. ಮೊಟ್ಟೆಸುರುಳಿ ಮಾತ್ರ, ಕಡಲಪಾಚಿ ಮಾತ್ರ, ಉಪ್ಪಿನಕಾಯಿ ಮಾತ್ರ ಮಾರುವಂಥವೇ ಹೆಚ್ಚಾಗಿ ಹಳೆಯ ಅಂಗಡಿಗಳು. ಏಡಿ, ಗೋಮಾಂಸ, ಸ್ಟ್ರಾಬೆರಿ ಮೂರನ್ನೂ ಒಂದೇ ಗಲ್ಲಾದಲ್ಲಿ ಮಾರುವವರು ನಿಮಗಾಗಿ ಬಂದವರು. ಅಲ್ಲಿ ತಿನ್ನಬಾರದೆಂದಲ್ಲ, ಅದೇ ದುಡ್ಡಿಗೆ ಪಕ್ಕದಲ್ಲೇ ಬೇರೆಲ್ಲೂ ಸಿಗದ ರುಚಿ ಇರುತ್ತದೆ ಎನ್ನುವುದಷ್ಟೇ ನನ್ನ ತಕರಾರು.

ಋತುವನ್ನೂ ನೋಡಿ. ವಸಂತದಲ್ಲಿ ಬಿದಿರು ಕಳಲೆ. ಜುಲೈಯಲ್ಲಿ, ಗಿಯೋನ್ ಹಬ್ಬದ ಹೊತ್ತಿಗೆ, ಹಾಮೊ ಎಂಬ ಹಾವಿನಂಥ ಮೀನು. ಶರತ್ಕಾಲದಲ್ಲಿ ಚೆಸ್ಟ್‌ನಟ್ ಮತ್ತು ಮತ್ಸುತಾಕೆ ಅಣಬೆ. ಚಳಿಗಾಲದಲ್ಲಿ ಟರ್ನಿಪ್ ಉಪ್ಪಿನಕಾಯಿ. ಆಯಾ ತಿಂಗಳ ಪದಾರ್ಥಕ್ಕೆ ಅಂಗಡಿಯ ಮುಂಭಾಗದಲ್ಲಿ ಜಾಗ ಸಿಕ್ಕಿರುತ್ತದೆ.

ಫೋಟೊ ತೆಗೆಯುವ ಮುನ್ನ ಕೇಳಿ. ಬೇಡ ಎಂಬ ಚಿತ್ರಫಲಕ ಹಾಕಿದ ಅಂಗಡಿಗಳಿವೆ. ಪದಾರ್ಥ ಮುಟ್ಟಿ, ಒತ್ತಿ ನೋಡುವುದು ಬೇಡ. ಚೌಕಾಸಿಯೂ ಇಲ್ಲ. ಹೇಳಿದ್ದೇ ಬೆಲೆ.

5. ಕೊಂಡ ಜಾಗದಲ್ಲೇ ನಿಂತು ತಿನ್ನಿ

ನಿಶಿಕಿಯ ವರ್ತಕರು ಬಂದವರನ್ನು ಕೇಳಿಕೊಳ್ಳುವುದು ಇದೊಂದನ್ನೇ. ಫಲಕಗಳನ್ನೂ ಹಾಕಿದ್ದಾರೆ. ಮೂರು ಮೀಟರ್ ಅಗಲದ ಓಣಿಯಲ್ಲಿ ಸೋಯಾ ರಸ ತೊಟ್ಟಿಕ್ಕುವ ಕಡ್ಡಿ ಹಿಡಿದು ನಡೆದರೆ ಎದುರಿನವರ ಕಿಮೊನೊ ಹಾಳಾಗುತ್ತದೆ, ಓಡುವ ಮಗುವಿನ ಕಣ್ಣಿಗೆ ಕಡ್ಡಿಯ ತುದಿ ತಾಗುವ ಭಯ ಬೇರೆ.

ಕ್ರಮ ಹೀಗಿರಲಿ. ಸಾಲಿದ್ದರೆ ಅದರ ಕೊನೆಯಲ್ಲಿ ನಿಲ್ಲಿ. ಬೇಕಾದ್ದನ್ನು ಬೆರಳಿನಿಂದ ತೋರಿಸದೆ ಅಂಗೈ ಚಾಚಿ ತೋರಿಸಿ, ಎಷ್ಟು ಬೇಕೆಂದು ಹೇಳಿ. ಗಲ್ಲಾದ ಮೇಲೆ ಚಿಕ್ಕ ತಟ್ಟೆ ಇದ್ದರೆ ದುಡ್ಡನ್ನು ಅದರಲ್ಲಿಡಿ, ಚಿಲ್ಲರೆಯೂ ಅದರಲ್ಲೇ ಬರುತ್ತದೆ. ಟಿಪ್ಸ್ ಬಿಡಬೇಡಿ. ಬಿಟ್ಟರೆ ಮರೆತು ಹೋದಿರೆಂದು ಹಿಂದೆಯೇ ಓಡಿಬಂದು ಕೊಟ್ಟಾರು.

ಆಮೇಲೆ ಅಂಗಡಿಯ ಬದಿಗೆ ಸರಿದು ನಿಂತು ತಿನ್ನಿ. ಕೆಲವು ಕಡೆ ಒಳಗೆ ನಾಲ್ಕಾರು ಸ್ಟೂಲು, ಒಂದು ಚಿಕ್ಕ ಮೇಜು ಇರುತ್ತವೆ. ಅನುಮಾನವಿದ್ದರೆ 'ಕೊಕೊ ದೆ ತಾಬೆತೆಮೊ ಈ ದೆಸು ಕಾ', ಇಲ್ಲಿ ತಿನ್ನಬಹುದೇ ಎಂದು ಕೇಳಿ. ಒಂದು ಅಂಗಡಿಯ ತಿಂಡಿಯನ್ನು ಪಕ್ಕದ ಅಂಗಡಿಯ ಮುಂದೆ ನಿಂತು ತಿನ್ನಬೇಡಿ. ಇದು ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ಅಂಗಡಿಯವರ ಮುಖ ಸಿಂಡರಿಸುವುದು ಹೆಚ್ಚಾಗಿ ಇದಕ್ಕೇ. ಇಬ್ಬರಿದ್ದರೆ ಒಂದನ್ನೇ ಕೊಂಡು ಹಂಚಿಕೊಳ್ಳಿ, ಇಲ್ಲದಿದ್ದರೆ ನಾಲ್ಕನೆಯ ಅಂಗಡಿಗೇ ಹೊಟ್ಟೆ ಭಾರ. ಚಾಪ್‌ಸ್ಟಿಕ್ ಕೊಟ್ಟರೆ ಒಬ್ಬರ ಚಾಪ್‌ಸ್ಟಿಕ್‌ನಿಂದ ಇನ್ನೊಬ್ಬರ ಚಾಪ್‌ಸ್ಟಿಕ್‌ಗೆ ತುಂಡು ದಾಟಿಸಬೇಡಿ. ಶವಸಂಸ್ಕಾರದ ನಂತರ ಅಸ್ಥಿ ಎತ್ತುವುದು ಹಾಗೆ.

ಮೀನು ಮಾಂಸ ತಿನ್ನುವವರಿಗೆ ಎರಡು ಮಾತು. ನಿಶಿಕಿಯ ಪೋಸ್ಟರಿನಂತಾಗಿರುವ ತಾಕೊ ತಮಾಗೊ, ಅಂದರೆ ಸಿಹಿ ಸೋಯಾ ರಸದಲ್ಲಿ ಬೇಯಿಸಿದ ಮರಿ ಆಕ್ಟೋಪಸ್‌ನ ತಲೆಯೊಳಗೆ ಕ್ವೇಲ್ ಹಕ್ಕಿಯ ಮೊಟ್ಟೆ, ಫೋಟೊದಲ್ಲಿ ಕಾಣುವಷ್ಟು ರುಚಿಯೇನಲ್ಲ. ಒಮ್ಮೆ ನೋಡಲು ಅಡ್ಡಿಯಿಲ್ಲ. ದುಡ್ಡು ಹಾಕಬೇಕಾದ್ದು ಸುಟ್ಟ ಹಾಮೊಗೆ ಮತ್ತು ಬಿಸಿ ದಾಶಿಮಾಕಿಗೆ. ಹಾಮೊ ಮೈತುಂಬ ಮುಳ್ಳಿನ ಮೀನು. ಚರ್ಮ ತುಂಡಾಗದಂತೆ ಒತ್ತೊತ್ತಾಗಿ ಕತ್ತಿಯೇಟು ಹಾಕಿ ಮುಳ್ಳನ್ನು ನುಣ್ಣಗೆ ಕತ್ತರಿಸುವುದೇ ಅಲ್ಲಿಯ ಬಾಣಸಿಗರ ಕೈಚಳಕ. ಇಂಥ ಕೈಗಳಿಗೆ ಬೇಕಾದ ಕತ್ತಿ ಮಾರುವ ಅರಿತ್ಸುಗು, 1560ರಲ್ಲಿ ಶುರುವಾದ ಮನೆತನ, ಇದೇ ಓಣಿಯ ಪೂರ್ವ ಭಾಗದಲ್ಲಿದೆ. ಹಸಿ ಮೀನಿನ ಕಡ್ಡಿ ಕೊಂಡರೆ ಅಲ್ಲೇ ಆಗಲೇ ತಿಂದು ಮುಗಿಸಿ, ಬೇಸಿಗೆಯಲ್ಲಿ ಚೀಲದಲ್ಲಿಟ್ಟು ತಿರುಗಬೇಡಿ.

6. ಕಸ

ಜಪಾನಿನ ಬೀದಿಗಳಲ್ಲಿ ಕಸದ ಡಬ್ಬಿ ಹುಡುಕಿದರೂ ಸಿಗುವುದಿಲ್ಲ. 1995ರಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ವಿಷಾನಿಲ ದಾಳಿ ನಡೆದ ಮೇಲೆ ಸಾರ್ವಜನಿಕ ಡಬ್ಬಿಗಳು ಬಹಳ ಕಡಿಮೆಯಾದವು. ಕಡ್ಡಿ, ಲೋಟ, ಕಾಗದವನ್ನು ಕೊಂಡ ಅಂಗಡಿಗೇ ಹಿಂತಿರುಗಿಸಿ, ಅವರೇ ಕೈ ಚಾಚುತ್ತಾರೆ. ಬೇರೆ ಅಂಗಡಿಯ ಡಬ್ಬಿಗೆ ಹಾಕುವಂತಿಲ್ಲ. ಉಳಿದದ್ದು ನಿಮ್ಮ ಪ್ಲಾಸ್ಟಿಕ್ ಚೀಲಕ್ಕೆ, ಅದು ಹೋಟೆಲ್ ಕೋಣೆಯವರೆಗೆ.

7. ಉಪ್ಪಿನಕಾಯಿ ಅಂಗಡಿಯಲ್ಲಿ ಸಮಯ ಕಳೆಯಿರಿ

ನನ್ನನ್ನು ಕೇಳಿದರೆ ನಿಶಿಕಿಯ ನಿಜವಾದ ರುಚಿ ತ್ಸುಕೆಮೊನೊ ಅಂಗಡಿಗಳಲ್ಲಿದೆ. ತ್ಸುಕೆಮೊನೊ ಎಂದರೆ ಉಪ್ಪಿನಲ್ಲಿಟ್ಟ ತರಕಾರಿ. ನಮ್ಮ ಮಿಡಿಯ ಭರಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆಯಾದೀತು. ಎಣ್ಣೆಯಿಲ್ಲ, ಸಾಸಿವೆಯಿಲ್ಲ, ಖಾರ ಇದ್ದರೂ ಹೆಸರಿಗೆ. ತರಕಾರಿಯ ಗರಿಗರಿ ಉಳಿದಿರುತ್ತದೆ, ಹುಳಿ ತೆಳ್ಳಗೆ ಬರುತ್ತದೆ.

ಕ್ಯೋಟೊದ ಮೂರು ಹೆಸರು ನೆನಪಿಡಿ. ಸೆಮ್ಮಾಯ್‌ಜುಕೆ: ದೊಡ್ಡ ಶೋಗೊಯಿನ್ ಟರ್ನಿಪ್ಪನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ ಕೊಂಬು ಪಾಚಿಯ ಜೊತೆ ಇಟ್ಟದ್ದು, ಚಳಿಗಾಲದ್ದು, ಸಿಹಿ ಹುಳಿ. ಶಿಬಾಜುಕೆ: ಬದನೆಯನ್ನು ಕೆಂಪು ಶಿಸೊ ಎಲೆಯಲ್ಲಿ ಹುದುಗಿಸಿದ್ದು, ನೇರಳೆ ಬಣ್ಣ, ಓಹಾರಾ ಹಳ್ಳಿಯ ಕಡೆಯದು. ಸುಗುಕಿ: ಕಮಿಗಾಮೊ ಕಡೆಯ ಒಂದು ಜಾತಿಯ ಟರ್ನಿಪ್, ವಿನೆಗರ್ ಸೋಕಿಸದೆ ತಾನೇ ಹುಳಿ ಬರಿಸಿದ್ದು. ಮೂರರಲ್ಲಿ ಒಂದೇ ಕೊಳ್ಳುವುದಾದರೆ ಸುಗುಕಿ ಕೊಳ್ಳಿ. ಬಿಸಿ ಅನ್ನಕ್ಕೆ, ಮೊಸರನ್ನಕ್ಕೂ ಸೈ.

ಕೆಲವು ಅಂಗಡಿಗಳಲ್ಲಿ ರುಚಿ ನೋಡಲು ಚೂರುಗಳನ್ನು ಇಟ್ಟಿರುತ್ತಾರೆ. ಇದಕ್ಕೆ ಶಿಶೊಕು ಎನ್ನುತ್ತಾರೆ. ಒಂದು ಬಗೆಗೆ ಒಂದೇ ಚೂರು, ಹಲ್ಲುಕಡ್ಡಿಯಿಂದ, ಬಳಸಿದ ಕಡ್ಡಿ ಪಕ್ಕದ ಲೋಟಕ್ಕೆ. ಅದೇ ಕಡ್ಡಿಯನ್ನು ಮತ್ತೆ ಅದ್ದಬೇಡಿ. ಐದಾರು ಬಗೆ ರುಚಿ ನೋಡಿ ಬೆನ್ನು ತಿರುಗಿಸುವುದು ಚೆನ್ನಾಗಿರುವುದಿಲ್ಲ, ಒಂದು ಚಿಕ್ಕ ಪೊಟ್ಟಣವನ್ನಾದರೂ ಕೊಳ್ಳಿ. ಕತ್ಸುಓಬುಶಿ ಬೆರೆಸಿದ ಬಗೆಗಳೂ ಇವೆ, ಸಸ್ಯಾಹಾರಿಗಳು ಇಲ್ಲೂ ಚೀಟಿ ತೋರಿಸಿ.

ಊರಿಗೆ ತರುವುದಾದರೆ ಗಾಳಿ ತೆಗೆದು ಮುಚ್ಚಿದ ಪೊಟ್ಟಣಗಳನ್ನೇ ಕೇಳಿ. ಶೈತ್ಯದಲ್ಲಿಟ್ಟು ಮಾರುವವು ಪ್ರಯಾಣಕ್ಕೆ ತಡೆಯವು. ಉಪ್ಪುನೀರಿರುವ ಪೊಟ್ಟಣ ವಿಮಾನದ ಕೈಚೀಲದಲ್ಲಿ ದ್ರವದ ಲೆಕ್ಕಕ್ಕೆ ಬರುತ್ತದೆ, ಅದನ್ನು ದೊಡ್ಡ ಸೂಟ್‌ಕೇಸಿಗೆ ಹಾಕಿ. ಇದಕ್ಕಿಂತ ಸುಲಭ ಶಿಚಿಮಿ, ಅಂದರೆ ಮೆಣಸಿನಕಾಯಿ, ಸಂಶೊ, ಎಳ್ಳು ಮುಂತಾದ ಏಳು ಸಾಮಾನಿನ ಪುಡಿ. ಹಗುರ, ಕೆಡುವುದಿಲ್ಲ.

8. ಪೂರ್ವ ತುದಿಯಲ್ಲಿ ನೀರು, ಆಮೇಲೆ ನದಿ

ಓಣಿ ತೆರಾಮಚಿ ಬೀದಿಗೆ ಸೇರುವಲ್ಲಿ ನಿಶಿಕಿ ತೆಮ್ಮಂಗೂ ಎಂಬ ಪುಟ್ಟ ದೇವಾಲಯವಿದೆ. ಅಲ್ಲಿ ಹರಿಯುವುದು ನೆಲದಡಿಯ ಬಾವಿನೀರು. ಕುಡಿಯಬಹುದು, ಬಾಟಲಿಗೂ ತುಂಬಿಕೊಳ್ಳಬಹುದು. ಮೀನನ್ನು ಕಾದಿದ್ದ ನೀರು ಎಂಥದ್ದು ಎಂದು ನಾಲಿಗೆಗೆ ತಿಳಿಯಲಿ. ಊರಿನವರು ಡಬ್ಬ ಹಿಡಿದು ಬಂದಿದ್ದರೆ ಅವರಿಗೆ ಮೊದಲು ಬಿಡಿ.

ಕೂತು ತಿನ್ನಲೇಬೇಕು ಎನ್ನುವವರು ಕಟ್ಟಿಸಿಕೊಂಡ ತಿಂಡಿಯ ಜೊತೆ ಇನ್ನೂ ಪೂರ್ವಕ್ಕೆ ಹತ್ತು ನಿಮಿಷ ನಡೆದರೆ ಕಾಮೊ ನದಿಯ ದಂಡೆ. ಜಾಗ ಬೇಕಾದಷ್ಟಿದೆ. ಆದರೆ ಮೇಲೆ ಸುತ್ತುವ ಹದ್ದುಗಳನ್ನು ಗಮನಿಸಿ. ಅವು ಹಿಂದಿನಿಂದ ಎರಗಿ ಕೈಯಲ್ಲಿದ್ದ ತಿಂಡಿಯನ್ನೇ ಎತ್ತಿಕೊಂಡು ಹೋಗುತ್ತವೆ, ಉಗುರು ತಾಗಿ ಗಾಯವೂ ಆದೀತು. ಬೆನ್ನಿಗೆ ಮರವೋ ಗೋಡೆಯೋ ಇರುವಲ್ಲಿ ಅಥವಾ ಸೇತುವೆಯ ಕೆಳಗೆ ಕೂತು, ಪೊಟ್ಟಣವನ್ನು ಪೂರ್ತಿ ತೆರೆದಿಡದೆ ಸ್ವಲ್ಪ ಸ್ವಲ್ಪ ತೆಗೆದು ತಿನ್ನಿ. ಮಕ್ಕಳ ಕೈಗೆ ಇಡೀ ಪೊಟ್ಟಣ ಕೊಡಬೇಡಿ.